ಕೂಸು ಹುಟ್ಟುವ ಮುಂಚೆ ಕುಲಾವಿ

ಪತ್ರ: ಜಿಟಿಎ (ಗ್ರ್ಯಾಂಡ್ ಥೆಫ್ಟ್ ಆಟೋ) ವಿಡಿಯೊ ಗೇಮಿನ ಐದನೆಯದು ಬಂದಾಗ ನಾನು ನಾಲ್ಕನೇ ಕ್ಲಾಸು. ಈಗ ಡಿಗ್ರಿ ಮುಗಿಸಿ ಮನೆಯಲ್ಲಿ ಅಪ್ಪನ ಜೊತೆ ರೇಷ್ಮೆ ಹುಳು ಮೇಯಿಸುತ್ತಿದ್ದೇನೆ. ಆರನೆಯದನ್ನು ಎರಡು ಸಲ ಮುಂದಕ್ಕೆ ಹಾಕಿದರು. ಇವರಿಗೆ ನಾಚಿಕೆ ಆಗಲ್ವಾ? ಕಂಪ್ಯೂಟರ್ ಇದೆ, ದುಡ್ಡೂ ಕೂಡಿಟ್ಟಿದ್ದೇನೆ. ಮೊದಲೇ ಬುಕ್ ಮಾಡಿಬಿಡಲಾ?
– ಓದುಗ, ಶಿಡ್ಲಘಟ್ಟ ತಾಲ್ಲೂಕು

ಉತ್ತರ: ಗೆಳೆಯರೇ, ಪತ್ರ ಓದಿ ನಗು ಬಂತು, ಬೇಜಾರು ಮಾಡ್ಕೋಬೇಡಿ. ನಮ್ಮಲ್ಲಿ ಪುಟ ಕಟ್ಟುವ ಹುಡುಗನದೂ ಇದೇ ಗೋಳು.

ಐದನೆಯದು ಬಂದದ್ದು 2013ರ ಸೆಪ್ಟೆಂಬರ್‌ನಲ್ಲಿ. ಆರನೆಯದರ ಮೊದಲ ಟ್ರೈಲರ್ 2023ರ ಡಿಸೆಂಬರ್‌ನಲ್ಲಿ. 2025 ಅಂದರು, ಆಮೇಲೆ 2026ರ ಮೇ 26 ಅಂದರು, ಅದೂ ಹೋಗಿ ನವೆಂಬರ್ 19 ಆಯಿತು. ಸಾಲ ತಗೊಂಡವನು ಹೇಳುವ ವಾಯಿದೆ ಇದ್ದ ಹಾಗೆ!

ಆದರೆ ನೀವು ಒಂದು ವಿಷಯ ಮರೆತಿದ್ದೀರಿ. ಆ ತಾರೀಖು ಹೇಳಿರುವುದು ಪಿಎಸ್ 5 ಮತ್ತು ಎಕ್ಸ್‌ಬಾಕ್ಸ್ ಸೀರೀಸ್ ಎಂಬ, ಟಿವಿಗೆ ಹಚ್ಚಿ ಆಡುವ ಯಂತ್ರಗಳಿಗೆ ಮಾತ್ರ, ಕಂಪ್ಯೂಟರಿಗಲ್ಲ. ಐದನೆಯದು ಕೂಡ ಕಂಪ್ಯೂಟರಿಗೆ ಬಂದದ್ದು 2015ರ ಏಪ್ರಿಲ್‌ನಲ್ಲಿ, ಒಂದೂವರೆ ವರ್ಷ ತಡವಾಗಿ. ಈಗ ಬುಕ್ ಮಾಡಿ ಏನು ಮಾಡ್ತೀರಿ? ದುಡ್ಡು ಬ್ಯಾಂಕಿನಲ್ಲೇ ಇರಲಿ.

ಇನ್ನು ನಾಚಿಕೆಯ ಮಾತು. ಹೋದ ಸಲ ನಿಮ್ಮ ಕಡೆ ಒಬ್ಬ ರೈತರ ಮನೆಗೆ ಹೋಗಿದ್ದೆ. ಹುಳು ನಾಲ್ಕನೇ ಜ್ವರದಲ್ಲಿತ್ತು. ತಟ್ಟೆ ತುಂಬ ಹುಳು, ಎಲ್ಲವೂ ತಲೆ ಎತ್ತಿಕೊಂಡು ಕಲ್ಲಿನ ಹಾಗೆ ಕೂತಿವೆ. ಸೊಪ್ಪು ಮೇಯುವಾಗ ಮಳೆ ಹನಿದ ಹಾಗೆ ಬರುವ ಸದ್ದು ಪೂರ್ತಿ ನಿಂತಿದೆ. ಸತ್ತುಹೋಗಿವೆ ಅಂದುಕೊಂಡೆ. 'ಪೊರೆ ಬಿಡ್ತಾ ಇವೆ ಸ್ವಾಮಿ, ಈಗ ಸೊಪ್ಪು ಹಾಕೋ ಹಾಗಿಲ್ಲ, ಮುಟ್ಟೋ ಹಾಗೂ ಇಲ್ಲ' ಅಂದರು. ನಿಮಗೆ ನಾನು ಇದನ್ನು ಹೇಳುವುದು ತಮಾಷೆಯೇ, ಬಿಡಿ.

ಗೂಡಿನ ವಿಷಯವೂ ಅಷ್ಟೇ ಅಲ್ವಾ? ಹುಳುಗಳನ್ನು ಗೂಡು ಕಟ್ಟಲು ಚಂದ್ರಿಕೆಗೆ ಬಿಟ್ಟು ಐದಾರು ದಿನ ಆಗುವ ಮೊದಲು ಬಿಡಿಸಿದರೆ ಒಳಗಿನದು ಹಸಿ. ಒಡೆದು ಗೂಡಿಗೇ ಕಲೆ. ಸೈಬರ್‌ಪಂಕ್ 2077 ಗತಿ ಹಾಗೇ ಆಯಿತು. 2012ರಲ್ಲಿ ಸಾರಿದ ಆಟ, 2020ರಲ್ಲೇ ಮೂರು ಸಲ ಮುಂದಕ್ಕೆ ಹೋಗಿ ಡಿಸೆಂಬರ್ 10ಕ್ಕೆ ಬಂತು. ಆಗಲೂ ಬೆಂದಿರಲಿಲ್ಲ. ಪಿಎಸ್ ತಯಾರಿಸುವ ಸೋನಿ ತನ್ನ ಆನ್‌ಲೈನ್ ಅಂಗಡಿಯಿಂದ ಅದನ್ನು ತೆಗೆದೇಬಿಟ್ಟಿತು, ವಾಪಸ್ ಇಟ್ಟದ್ದು ಮುಂದಿನ ಜೂನ್‌ನಲ್ಲಿ. ಹಾಗಂತ ಜಾಸ್ತಿ ಕಾದರೆ ಚೆನ್ನಾಗೇ ಇರುತ್ತದೆ ಅಂತಲೂ ಇಲ್ಲ. ಡ್ಯೂಕ್ ನ್ಯೂಕೆಮ್ ಫಾರೆವರ್ 1997ರಲ್ಲಿ ಸಾರಿ 2011ರಲ್ಲಿ ಬಂತು. ಬಂದಾಗ ಬೈಗುಳವೇ ಜಾಸ್ತಿ.

ಅದಕ್ಕೇ ನನ್ನ ಸಿಟ್ಟು ತಡ ಮಾಡಿದ್ದಕ್ಕಲ್ಲ, ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಿ ಊರಿಗೆಲ್ಲ ತೋರಿಸಿದ್ದಕ್ಕೆ. ಟ್ರೈಲರ್ ಬಿಡದೇ ಇದ್ದಿದ್ದರೆ ನೀವು ಹೀಗೆ ದಿನ ಎಣಿಸುತ್ತಿದ್ದಿರಾ?

ಅಲ್ಲಿಯವರೆಗೆ ಬೇಕಾದರೆ ಸಿಲ್ಕ್‌ಸಾಂಗ್ ಆಡಿ. ಆಸ್ಟ್ರೇಲಿಯಾದ ಅಡಿಲೇಡ್‌ನ ಪುಟ್ಟ ತಂಡ ಮಾಡಿದ್ದು. ಹಾಲೋ ನೈಟ್ ಆಟಕ್ಕೆ ಒಂದು ಚಿಕ್ಕ ತುಂಡು ಸೇರಿಸೋಣ ಅಂತ ಹೊರಟು, ಬೆಳೆದು ಬೆಳೆದು ಬೇರೆ ಆಟವೇ ಆಯಿತು. 2019ರಲ್ಲಿ ಹೇಳಿದ್ದು 2025ರ ಸೆಪ್ಟೆಂಬರ್ 4ಕ್ಕೆ ಬಂತು. ಕೊಳ್ಳಲು ಜನ ಮುಗಿಬಿದ್ದು ಆನ್‌ಲೈನ್ ಅಂಗಡಿಗಳೇ ಸುಸ್ತಾದವು. ಯಾಕೆ ಇಷ್ಟು ತಡ ಅಂದರೆ, ಮಾಡುವುದೇ ಖುಷಿಯಾಗಿತ್ತು ಅಂದರು! ಅದು ಹುಳುಹುಪ್ಪಟೆಗಳ ಲೋಕ, ನಾಯಕಿಯ ಆಯುಧ ಸೂಜಿ, ಅವಳ ಶಕ್ತಿಯೆಲ್ಲ ರೇಷ್ಮೆಯಲ್ಲಿ. ನಿಮ್ಮ ತಾಲ್ಲೂಕಿನವರು ಆಡದೆ ಇನ್ಯಾರು ಆಡಬೇಕು?

ಕಷ್ಟದ ಆಟ, ಮೊದಲೇ ಹೇಳಿದ್ದೇನೆ. ನಮ್ಮ ಪುಟ ಕಟ್ಟುವ ಹುಡುಗ ಒಂದೇ ಕಡೆ ವಾರದಿಂದ ಸಾಯುತ್ತಿದ್ದಾನೆ, ಈ ಸಂಚಿಕೆ ಎರಡು ದಿನ ತಡವಾಗಿದ್ದು ಅದಕ್ಕೇ.

– ಸಂಪಾದಕ, ಚಿಕ್ಕಬಳ್ಳಾಪುರ