ಎಲ್3 ಕ್ಯಾವಿಟಿಯ (ತೂತುಗಳ ಜಾಲವಿರುವ ಸಿಲಿಕಾನ್ ಹಾಳೆಯಲ್ಲಿ ಸಾಲಾಗಿ ಮೂರು ತೂತು ಕೊರೆಯದೆ ಬಿಟ್ಟು, ಬೆಳಕನ್ನು ಹಿಡಿದಿಡುವ ಜಾಗ) ಸುತ್ತ ತೂತಿನ ಸಾಲು ಹೆಚ್ಚಿಸಿದರೂ ಕ್ಯೂ (ಬೆಳಕು ಎಷ್ಟು ಹೊತ್ತು ಒಳಗೆ ಉಳಿಯುತ್ತದೆ ಎಂಬುದರ ಅಳತೆ) 5,000 ದಾಟುತ್ತಿಲ್ಲ. ಬೆಳಕಿನ ಸೋರಿಕೆ ತಡೆಯುವುದು ಹೇಗೆ?

ಧಾರವಾಡದಲ್ಲಿ ಎಂಎಸ್ಸಿ ಮಾಡುತ್ತಿದ್ದೀನಿ, ಬೆಳಕಿನ ಚಲನೆ ಲೆಕ್ಕ ಹಾಕುವ ಮೀಪ್ ಎಂಬ ಸಾಫ್ಟ್‌ವೇರ್‌ನಲ್ಲಿ ಸಿಮ್ಯುಲೇಷನ್ ಓಡಿಸುತ್ತಿದ್ದೀನಿ ಎಂದಿದ್ದೀರಿ. ಮೊದಲು ಸಾಲು ಹೆಚ್ಚಿಸುವುದನ್ನು ನಿಲ್ಲಿಸಿ. ನಿಮ್ಮ ಬೆಳಕು ಪಕ್ಕಕ್ಕೆ ಹೋಗುತ್ತಿಲ್ಲ, ಮೇಲಕ್ಕೂ ಕೆಳಕ್ಕೂ ಹೋಗುತ್ತಿದೆ. ನಳದ ನೀರಿಗೆ ಕಾಯುವ ನಮ್ಮ ಹುಬ್ಬಳ್ಳಿ-ಧಾರವಾಡದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ: ತೊಟ್ಟಿ ತಳದಲ್ಲಿ ಸೋರುವಾಗ ಗೋಡೆ ಎತ್ತರಿಸಿ ಏನು ಬಂತು?

ಪಕ್ಕದಲ್ಲಿ ಬೆಳಕನ್ನು ತಡೆಯುವುದು ತೂತುಗಳ ಜಾಲ. ಮೇಲೆ-ಕೆಳಗೆ ಅಂಥದ್ದೇನೂ ಇಲ್ಲ. ಸಿಲಿಕಾನ್ ಹಾಳೆಯ ಮೇಲ್ಮೈಗೆ ಓರೆಯಾಗಿ ಬಡಿದ ಬೆಳಕು ಪ್ರತಿಫಲಿಸಿ ಒಳಗೇ ಉಳಿಯುತ್ತದೆ, ನೆಟ್ಟಗೆ ಬಡಿದದ್ದು ಗಾಳಿಗೆ ಹೋಗುತ್ತದೆ. ಎಲ್3ಯಲ್ಲಿ ಮೂರು ತೂತು ಕೊರೆಯದೆ ಬಿಟ್ಟ ಜಾಗದ ತುದಿಯಲ್ಲಿ ಅಲೆ ಥಟ್ಟನೆ ಕತ್ತರಿಸಿಹೋಗುತ್ತದೆ. ಹಾಗೆ ಕತ್ತರಿಸಿದಾಗಲೇ ನೆಟ್ಟಗೆ ಏರುವ ಅಂಶಗಳು ಅದರಲ್ಲಿ ಜಾಸ್ತಿಯಾಗುವುದು.

2003ರಲ್ಲಿ ಜಪಾನಿನ ಕ್ಯೋಟೋ ವಿಶ್ವವಿದ್ಯಾಲಯದ ಸುಸುಮು ನೋಡಾ ತಂಡ ಮಾಡಿದ್ದು ಇಷ್ಟೇ. ಎರಡು ತುದಿಯ ಎರಡೇ ತೂತುಗಳನ್ನು, ತೂತುಗಳ ನಡುವಿನ ಅಂತರದ 0.15ರಷ್ಟು ಹೊರಕ್ಕೆ ಸರಿಸಿದರು. ಅಂತರ 420 ನ್ಯಾನೋಮೀಟರ್, ಅಂದರೆ ಸರಿಸಿದ್ದು ಬರೀ 63. ಕ್ಯೂ 45,000ಕ್ಕೆ ಏರಿತು! ಅಲೆ ಈಗ ತುದಿಯಲ್ಲಿ ಮೆಲ್ಲಗೆ ಇಳಿಯುತ್ತದೆ, ಅಷ್ಟೇ ವ್ಯತ್ಯಾಸ. 2005ರಲ್ಲಿ ಅದೇ ತಂಡ ಇನ್ನೊಂದು ದಾರಿ ಹಿಡಿಯಿತು. ಒಂದೇ ಹಾಳೆಯಲ್ಲಿ ಜಾಲದ ಅಂತರವನ್ನೇ ನಡುವೆ 420, ಎರಡು ಬದಿ 410 ನ್ಯಾನೋಮೀಟರ್ ಮಾಡಿ ಕ್ಯೂವನ್ನು 6 ಲಕ್ಷಕ್ಕೆ ಮುಟ್ಟಿಸಿತು. ನೀವು ಅಲ್ಲಿಗೆ ಈಗಲೇ ಹಾರಬೇಡಿ.

ತುದಿಯ ತೂತುಗಳನ್ನು ಅಂತರದ 0.10ರಿಂದ 0.25ರ ತನಕ ಸ್ವಲ್ಪ ಸ್ವಲ್ಪವೇ ಸರಿಸಿ ನೋಡಿ. ಕ್ಯೂ ಏರಿ ಮತ್ತೆ ಬೀಳುತ್ತದೆ, ಜಾಸ್ತಿ ಸರಿಸಿದರೆ ಕೆಡುತ್ತದೆ. ರೆಸಲ್ಯೂಷನ್ ಅನ್ನು ತೂತುಗಳ ಒಂದು ಅಂತರಕ್ಕೆ 10 ಪಿಕ್ಸೆಲ್ ಇಟ್ಟಿದ್ದರೆ 0.15 ಅಂದರೆ ಒಂದೂವರೆ ಪಿಕ್ಸೆಲ್ ಆಯಿತು, ಅದನ್ನು ನಂಬೋಕಾಗಲ್ಲ ಅಲ್ವಾ? 20ಕ್ಕಾದರೂ ಏರಿಸಿ. ಸುಮ್ನೆ ಸಮಯ ಉಳಿಸಲು ಎರಡೇ ಆಯಾಮದಲ್ಲಿ ಓಡಿಸಬೇಡಿ; ಅಲ್ಲಿ ಮೇಲಕ್ಕೆ ಸೋರುವ ದಾರಿಯೇ ಇಲ್ಲ, ಸಾಲು ಹೆಚ್ಚಿಸಿದಷ್ಟೂ ಕ್ಯೂ ಏರುತ್ತಲೇ ಇರುತ್ತದೆ.

ನಿಜವಾದ ಚಿಪ್‌ನಲ್ಲಿ ತೂತಿನ ಗೋಡೆ ಓರೆಯಾಗುವುದು, ತರಿತರಿಯಾಗುವುದು, ಮೇಲ್ಮೈಯಲ್ಲಿ ತೇವ ಹಿಡಿದು ಬೆಳಕು ಹೀರುವುದು ಎಲ್ಲ ಇದ್ದೇ ಇದೆ. ಅದು ನಿಮಗೆ ಸದ್ಯಕ್ಕೆ ಬೇಡ.

ಲ್ಯಾಪ್‌ಟಾಪ್ ತಡೆಯುವುದಿಲ್ಲ ಅನಿಸಿದರೆ ಮೂರೂ ದಿಕ್ಕಿನ ಕನ್ನಡಿ ಸಮ್ಮಿತಿ ಹಾಕಿ (ಒಂದು ಭಾಗ ಮಾತ್ರ ಲೆಕ್ಕ ಹಾಕಿ, ಉಳಿದದ್ದನ್ನು ಅದರ ಕನ್ನಡಿ ಬಿಂಬವೆಂದು ತೆಗೆದುಕೊಳ್ಳುವುದು), ಲೆಕ್ಕ ಎಂಟನೇ ಒಂದಕ್ಕೆ ಇಳಿಯುತ್ತದೆ. ಪ್ರತಿ ದಿಕ್ಕಿನ ಸಮ್ಮಿತಿಯ ಪ್ಲಸ್-ಮೈನಸ್ ಚಿಹ್ನೆ ಮಾತ್ರ ನೋಡಿ ಹಾಕಿ. ಒಂದು ತಪ್ಪಿದರೂ ನಿಮಗೆ ಬೇಕಾದ ಮೋಡ್ (ಕ್ಯಾವಿಟಿಯಲ್ಲಿ ಬೆಳಕಿನ ಅಲೆ ನಿಲ್ಲುವ ರೀತಿ) ಕಾಣಿಸುವುದೇ ಇಲ್ಲ.