‘ಪ್ರೇ’ ಅಂದಲ್ಲೆಲ್ಲ ದೇವರಿಲ್ಲ

ನಮಸ್ಕಾರ.

ಇವತ್ತು ‘ಪ್ರಾರ್ಥಿಸು’ ಎಂದೇ ಗೊತ್ತಿರುವ ‘ಪ್ರೇ’ ಎಂಬ ಇಂಗ್ಲಿಷ್ ಕ್ರಿಯಾಪದದ ಹಳೆಯ ಬಳಕೆ ಬಗ್ಗೆ ನೀವು ಕಳಿಸಿದ ಲೇಖನವನ್ನು ಎರಡು ಸಲ ಓದಿದೆ. ಈಗಿರುವ ಹಾಗೆ ಪ್ರಕಟಿಸಲು ಆಗುವುದಿಲ್ಲ. ಆದರೆ ಬಿಟ್ಟುಬಿಡಲು ನನಗೆ ಮನಸ್ಸಿಲ್ಲ.

ಮೊದಲ ನಾಲ್ಕು ಪುಟದಲ್ಲಿ ಡಿಕ್ಷನರಿಯ ಅರ್ಥಗಳೇ ತುಂಬಿವೆ. ಅವನ್ನು ತೆಗೆದುಬಿಡಿ. ಈ ಮಾತನ್ನು ಯಾರು, ಯಾರಿಗೆ, ಯಾವ ದನಿಯಲ್ಲಿ ಆಡುತ್ತಿದ್ದರು ಅನ್ನುವುದು ಓದುಗರಿಗೆ ಬೇಕು. ‘ಪ್ರೇ, ಬಿ ಸೀಟೆಡ್’ ಅನ್ನುವುದನ್ನು ನೀವು ‘ಪ್ರಾರ್ಥಿಸಿ ಕುಳಿತುಕೊಳ್ಳಿ’ ಎಂದು ಬರೆದಿದ್ದೀರಿ. ಅದು ತಪ್ಪು. ಮನೆಗೆ ಬಂದವರಿಗೆ ನಾವು ‘ಬನ್ನಿ, ಕೂತ್ಕೊಳ್ಳಿ’ ಅಂತೀವಲ್ಲ, ಅದೇ ಇದು. ‘ಐ ಪ್ರೇ ಯೂ’, ಅಂದರೆ ‘ನಿಮ್ಮನ್ನು ಕೇಳಿಕೊಳ್ಳುತ್ತೇನೆ’ ಅನ್ನುವ ಮಾತು ಸವೆದು ಬರೀ ‘ಪ್ರೇ’ ಉಳಿಯಿತು. ‘ಐ ಪ್ರೇ ದೀ’ ಇನ್ನೂ ಜಾಸ್ತಿ ಸವೆದು, ಶೇಕ್ಸ್‌ಪಿಯರ್ ನಾಟಕಗಳಲ್ಲಿ ಸಿಗುವ ‘ಪ್ರಿದೀ’ ಆಯಿತು. 1813ರಲ್ಲಿ ಬಂದ ಜೇನ್ ಆಸ್ಟೆನ್ ಕಾದಂಬರಿ ‘ಪ್ರೈಡ್ ಅಂಡ್ ಪ್ರೆಜುಡಿಸ್’ನಲ್ಲಿ ಮಿಸೆಸ್ ಬೆನೆಟ್ ಗಂಡನ ಹತ್ತಿರವೇ ‘ಪ್ರೇ’ ಅನ್ನುತ್ತಾರೆ. ಇವತ್ತು ಯಾರಾದರೂ ‘ಪ್ರೇ ಟೆಲ್’, ಅಂದರೆ ‘ದಯವಿಟ್ಟು ಹೇಳಿ’ ಅಂದರೆ ಹೆಚ್ಚಾಗಿ ಅದು ಚುಚ್ಚುಮಾತು. ವಿನಯದ ಮಾತು ಹೀಗೆ ತಿರುಗಿದ್ದು ನಿಮ್ಮ ಲೇಖನದಲ್ಲಿ ಎಲ್ಲೂ ಇಲ್ಲ.

ಐದನೇ ಪುಟದಲ್ಲಿ ಒಂದೇ ಸಾಲಲ್ಲಿ ಮುಗಿಸಿದ ವಿಷಯ ನನಗೆ ತುಂಬಾ ಹಿಡಿಸಿತು. ಬೇಡಿಕೊಳ್ಳುವುದಕ್ಕೆ ಲ್ಯಾಟಿನ್‌ನಲ್ಲಿ ‘ಪ್ರೆಕಾರಿ’. ‘ಪ್ರೇ’ ಬಂದದ್ದು ಅಲ್ಲಿಂದ. ‘ಭದ್ರವಲ್ಲದ್ದು’ ಅನ್ನುವ ಅರ್ಥದ ‘ಪ್ರಿಕೇರಿಯಸ್’ ಕೂಡ ಅದೇ ಬೇರಿನದು. ಬೇಡಿ ಪಡೆದದ್ದು ಕೊಟ್ಟವರ ಇಷ್ಟದ ಮೇಲೆ ನಿಂತಿರುತ್ತೆ, ಅದಕ್ಕೇ ಅದು ಭದ್ರವಲ್ಲ. ಎಂಥ ಮಾತು, ಅಲ್ವಾ? ಇದನ್ನು ಬಿಡಿಸಿ ಬರೆಯಿರಿ. ಜೊತೆಗೆ ನಮ್ಮ ‘ಬೇಡಿಕೊಳ್ಳು’ ಪದವನ್ನೂ ಇಡಿ. ದೇವರನ್ನೂ ಬೇಡಿಕೊಳ್ಳುತ್ತೇವೆ, ಸಾಲ ಕೊಟ್ಟವರನ್ನೂ ಬೇಡಿಕೊಳ್ಳುತ್ತೇವೆ. ಕನ್ನಡದವರಿಗೆ ‘ಪ್ರೇ’ ಅರ್ಥವಾಗಲು ಇದಕ್ಕಿಂತ ಹತ್ತಿರದ ದಾರಿ ನನಗೆ ಕಾಣುವುದಿಲ್ಲ.

ಇನ್ನು ಕೊನೆಯ ಪುಟ. ನಿಮ್ಮ ಅಪ್ಪ ಕೋರ್ಟ್ ಎದುರು ಟೈಪ್ ಮಾಡುತ್ತಿದ್ದರು, ಇಂಗ್ಲಿಷ್ ಅರ್ಜಿಗಳ ಕೊನೆಗೆ ‘ಹಂಬ್ಲಿ ಪ್ರೇಸ್’, ಅಂದರೆ ‘ವಿನಯದಿಂದ ಬೇಡಿಕೊಳ್ಳುತ್ತಾರೆ’ ಎಂದು ಹಾಕುತ್ತಿದ್ದರು ಎಂದು ಬರೆದಿದ್ದೀರಿ. ಬೇರೆ ಕಡೆ ಹಳೆಯದಾದ ಈ ಬಳಕೆ ಅಲ್ಲಿ ಇನ್ನೂ ದಿನನಿತ್ಯದ್ದು. ನ್ಯಾಯಾಧೀಶರಿಂದ ಏನು ಬೇಕು ಅನ್ನುವುದಕ್ಕೆ ವಕೀಲರು ಈಗಲೂ ‘ಪ್ರೇಯರ್’ ಅಂತಲೇ ಅನ್ನುತ್ತಾರೆ. ಇಂಥದ್ದನ್ನು ಕೊನೆಗೆ ಯಾಕೆ ತಳ್ಳಿದಿರಿ? ಲೇಖನ ಅಲ್ಲಿಂದಲೇ ಶುರುವಾಗಲಿ. ಇಂಗ್ಲಿಷ್ ಬಾರದ ಕಕ್ಷಿದಾರರಿಗೆ ಆ ಸಾಲನ್ನು ನಿಮ್ಮ ಅಪ್ಪ ಕನ್ನಡದಲ್ಲಿ ಹೇಗೆ ಹೇಳುತ್ತಿದ್ದರು? ಅವರನ್ನೇ ಕೇಳಿ, ಅವರ ಮಾತಲ್ಲೇ ಬರೆದು ಕಳಿಸಿ. ಕಾಯುತ್ತಿರುತ್ತೇನೆ.