ಬಲ್ಬಿನ ಲೇಖನ ಕಳಿಸಿದ ಬದಿಯಡ್ಕದ ಬರಹಗಾರರಿಗೆ

ನಮಸ್ಕಾರ. ಫಿಲಮೆಂಟ್ ಬಲ್ಬಿನ ಬಗ್ಗೆ ನೀವು ಕಳಿಸಿದ ಲೇಖನ ಓದಿದೆ. ಭಾಷೆ ಸಲೀಸಾಗಿದೆ. ಸಂಜೆ ವೋಲ್ಟೇಜ್ ಬಿದ್ದಾಗ ಬಲ್ಬು ಕೆಂಪಾಗುವ ಚಿತ್ರಣ ಚೆನ್ನಾಗಿ ಬಂದಿದೆ. ಆದರೆ ಎರಡನೇ ಪುಟದ ಎರಡು ವಾಕ್ಯಗಳನ್ನು ಹಾಗೆಯೇ ಅಚ್ಚಿಗೆ ಕೊಡಲು ನನಗೆ ಮನಸ್ಸು ಬರುತ್ತಿಲ್ಲ. ಅವುಗಳ ಬಗ್ಗೆ ಮಾತ್ರ ಬರೆಯುತ್ತೇನೆ.

ಮೊದಲನೆಯದು: “ಕರೆಂಟಿನ 5 ಶೇಕಡಾ ಬೆಳಕಾಗುತ್ತದೆ, 95 ಶೇಕಡಾ ಶಾಖವಾಗಿ ಪೋಲಾಗುತ್ತದೆ.” ಇದನ್ನು ಓದಿದವರಿಗೆ ಕರೆಂಟು ಬಲ್ಬಿನೊಳಗೆ ಎರಡು ಪಾಲಾಗುತ್ತದೆ ಅನಿಸುತ್ತದೆ. ಹಾಗಿಲ್ಲ. 100 ವಾಟ್ ಬಲ್ಬಿನಲ್ಲಿ ನೂರಕ್ಕೆ ನೂರೂ ಮೊದಲು ಶಾಖವೇ ಆಗುತ್ತದೆ. ಆ ಶಾಖದಿಂದ ಟಂಗ್‌ಸ್ಟನ್ ಎಳೆ ಸುಮಾರು 2500 ಡಿಗ್ರಿ ಸೆಲ್ಸಿಯಸ್, ಅಂದರೆ 2800 ಕೆಲ್ವಿನ್‌ವರೆಗೆ ಕಾಯುತ್ತದೆ, ಕಾದದ್ದರಿಂದಲೇ ಬೆಳಗುತ್ತದೆ. ಶಾಖವನ್ನು ಉಳಿಸಹೊರಟರೆ ಬೆಳಕೂ ಇಲ್ಲ. ಪೋಲಾಗುವುದು ಏನು ಅಂದರೆ, ಎಳೆ ಸೂಸುವ ವಿಕಿರಣದಲ್ಲಿ ನಮ್ಮ ಕಣ್ಣಿಗೆ ಕಾಣದ ಭಾಗ. 2898ನ್ನು ಕೆಲ್ವಿನ್ ತಾಪದಿಂದ ಭಾಗಿಸಿದರೆ ವಿಕಿರಣ ಯಾವ ತರಂಗಾಂತರದಲ್ಲಿ ಅತಿ ಹೆಚ್ಚು ಎಂಬುದು ಮೈಕ್ರೊಮೀಟರ್‌ನಲ್ಲಿ ಸಿಗುತ್ತದೆ. 2800ಕ್ಕೆ ಅದು 1.035, ಅಂದರೆ 1035 ನ್ಯಾನೊಮೀಟರ್. ಕಣ್ಣಿನ ಮಿತಿ 700ರ ಆಸುಪಾಸಿಗೆ ಮುಗಿಯುತ್ತದೆ. ಹೆಚ್ಚಿನ ಪಾಲು ಅದರಾಚೆಗಿನ, ಕಣ್ಣಿಗೆ ಕಾಣದ ಅವಕೆಂಪಿನಲ್ಲೇ (ಇನ್ಫ್ರಾರೆಡ್) ಹೋಗುತ್ತದೆ. ಸ್ವಲ್ಪ ಶಾಖವನ್ನು ಬಲ್ಬಿನೊಳಗಿನ ಅನಿಲವೂ ಎಳೆಯನ್ನು ಹಿಡಿದ ತಂತಿಗಳೂ ಒಯ್ಯುತ್ತವೆ.

ಅದೇ ಪುಟದ ಕೊನೆಯಲ್ಲಿ 95 ಹೋಗಿ 98 ಆಗಿದೆ, ಕಾರಣ ಕೊಟ್ಟಿಲ್ಲ. ನಾನು ಡೆಸ್ಕಿನಲ್ಲಿ ಕೆಲಸ ಕಲಿಯುತ್ತಿದ್ದಾಗ ಹಿರಿಯರೊಬ್ಬರು ಪ್ರತಿಯೊಂದು ಶೇಕಡಾದ ಪಕ್ಕದಲ್ಲೂ ‘ಯಾವುದರಲ್ಲಿ?’ ಎಂದು ಪೆನ್ಸಿಲಿನಲ್ಲಿ ಬರೆದು ವಾಪಸು ಕೊಡುತ್ತಿದ್ದರು. ಉತ್ತರ ಬರೆಯದೆ ಆ ಹಾಳೆ ಮುಂದೆ ಹೋಗುತ್ತಿರಲಿಲ್ಲ. ನಿಮ್ಮ ಎರಡು ಅಂಕಿಗಳಿಗೂ ಉತ್ತರವಿದೆ. ಕಾಣುವ ಬೆಳಕಿನ ಶಕ್ತಿಯನ್ನಷ್ಟೇ ಲೆಕ್ಕ ಹಾಕಿದರೆ 5ರ ಹತ್ತಿರ ಬರುತ್ತದೆ. ಕಣ್ಣಿಗೆ ಅದು ಎಷ್ಟು ಪ್ರಖರವೆಂದು ಅಳೆಯುವುದು ಲ್ಯೂಮೆನ್ ಎಂಬ ಮಾನದಲ್ಲಿ. ಆ ಲೆಕ್ಕದಲ್ಲಿ 555 ನ್ಯಾನೊಮೀಟರ್ ಹಸಿರು ಬೆಳಕಿನ ಒಂದು ವಾಟ್‌ಗೆ ಸಿಗುವ 683 ಲ್ಯೂಮೆನ್ ಗರಿಷ್ಠ. 100 ವಾಟ್ ಬಲ್ಬು ಕೊಡುವುದು ಸುಮಾರು 1300 ಲ್ಯೂಮೆನ್, ವಾಟ್‌ಗೆ 13. ಅದು 683ರ ಸುಮಾರು 2 ಶೇಕಡಾ, ನಿಮ್ಮ 98 ಬರುವುದು ಇಲ್ಲಿಂದ. ಎರಡನ್ನೂ ಬರೆಯಿರಿ, ಎರಡು ಬೇರೆ ಅಳತೆ ಎಂದೂ ಬರೆಯಿರಿ.

ಎರಡನೇ ವಾಕ್ಯ ನನಗೆ ಇನ್ನೂ ಕಿರಿಕಿರಿ ಮಾಡಿತು: “ಕಂಪನಿಗಳು ಮನಸ್ಸು ಮಾಡಿದ್ದರೆ ಈ ಪೋಲನ್ನು ಎಂದೋ ತಡೆಯಬಹುದಿತ್ತು.” ಹೇಗೆ ತಡೆಯುವುದು? ಬೆಳಕಿನ ಪಾಲು ಹೆಚ್ಚಬೇಕಾದರೆ ಎಳೆ ಇನ್ನೂ ಕಾಯಬೇಕು. ವಿಕಿರಣದ ಶಿಖರ ಆ ಹಸಿರಿಗೆ ಬರಲು 5200 ಕೆಲ್ವಿನ್ ಬೇಕು. ಟಂಗ್‌ಸ್ಟನ್ 3695ಕ್ಕೇ ಕರಗುತ್ತದೆ, ಲೋಹಗಳಲ್ಲಿ ಅದಕ್ಕಿಂತ ಹೆಚ್ಚು ತಾಪ ತಡೆಯುವುದು ಇಲ್ಲ. ಕರಗುವ ಅಂಚಿನಲ್ಲಿಟ್ಟರೂ ವಾಟ್‌ಗೆ 50 ಲ್ಯೂಮೆನ್ ಆಸುಪಾಸು, ಅದೂ ಕ್ಷಣಕಾಲ. ಕಾರ್ಬನ್ ಇನ್ನೂ ಹೆಚ್ಚು ತಾಪ ತಡೆಯುತ್ತದಲ್ಲ ಎನ್ನಬಹುದು. ಅದು ಬೇಗ ಆವಿಯಾಗಿ ಗಾಜನ್ನು ಕಪ್ಪು ಮಾಡುತ್ತದೆ. ಹಾಗಾಗಿ ಕಾರ್ಬನ್ ಬಲ್ಬನ್ನು ಟಂಗ್‌ಸ್ಟನ್‌ಗಿಂತ ಕಡಿಮೆ ತಾಪದಲ್ಲೇ ಉರಿಸಬೇಕಾಗಿತ್ತು.

ತಯಾರಕರು ಕೈಕಟ್ಟಿ ಕೂತಿರಲಿಲ್ಲ. 1913ರಲ್ಲಿ ಜನರಲ್ ಎಲೆಕ್ಟ್ರಿಕ್ ಕಂಪನಿಯ ವಿಜ್ಞಾನಿ ಇರ್ವಿಂಗ್ ಲ್ಯಾಂಗ್‌ಮ್ಯೂರ್ ನಿರ್ವಾತದ ಬದಲು ಅನಿಲ ತುಂಬಿಸಿ, ಎಳೆಯನ್ನು ಸುರುಳಿ ಸುತ್ತಿದರು. ಎಳೆ ಆವಿಯಾಗುವುದನ್ನು ಅನಿಲ ತಗ್ಗಿಸುತ್ತದೆ, ಸುರುಳಿ ಅನಿಲಕ್ಕೆ ಹೋಗುವ ಶಾಖವನ್ನು ಕಡಿಮೆ ಮಾಡುತ್ತದೆ. ಹ್ಯಾಲೊಜೆನ್ ದೀಪದಲ್ಲಿ ಆವಿಯಾದ ಟಂಗ್‌ಸ್ಟನ್ ಮತ್ತೆ ಎಳೆಗೇ ಮರಳುತ್ತದೆ. ಅದಕ್ಕೆ ಕೊಳವೆಯ ಗೋಡೆ 250 ಡಿಗ್ರಿ ಸೆಲ್ಸಿಯಸ್ಸಿಗಿಂತ ಬಿಸಿಯಿರಬೇಕು, ಅದಕ್ಕಾಗಿಯೇ ಮಾಮೂಲಿ ಗಾಜಿನ ಬದಲು ಹೆಚ್ಚು ಬಿಸಿ ತಡೆಯುವ ಕ್ವಾರ್ಟ್ಸ್ ಬಳಸುವುದು. ಅವಕೆಂಪನ್ನು ಎಳೆಯತ್ತ ಹಿಂತಿರುಗಿಸುವ ಲೇಪನವೂ ಬಂತು. ಇಷ್ಟೆಲ್ಲ ಮಾಡಿ ಸಿಕ್ಕಿದ್ದು ಒಂದಷ್ಟು ಲ್ಯೂಮೆನ್. ಅಂಗಡಿಯಲ್ಲಿ ಸಿಗುವ 9 ವಾಟ್ ಎಲ್‌ಇಡಿ 900 ಲ್ಯೂಮೆನ್ ಕೊಡುವುದು ಅದು ಕಾದು ಬೆಳಗುವುದಿಲ್ಲ ಎಂಬ ಕಾರಣಕ್ಕೆ. ಇದನ್ನು ನೀವು ಎಲ್ಲೂ ಹೇಳಿಲ್ಲ.

ಕಂಪನಿಗಳ ಮೇಲಿನ ನಿಮ್ಮ ಸಿಟ್ಟು ಪೂರ್ತಿ ಆಧಾರವಿಲ್ಲದ್ದಲ್ಲ. 1924ರಲ್ಲಿ ಜಿನೀವಾದಲ್ಲಿ ದೊಡ್ಡ ತಯಾರಕರು ಫೀಬಸ್ ಎಂಬ ಕೂಟ ಕಟ್ಟಿ ಬಲ್ಬಿನ ಆಯುಸ್ಸನ್ನು 1000 ಗಂಟೆಗೆ ಇಳಿಸಿದ್ದು ನಿಜ. ಆದರೆ ಅದು ಆಯುಸ್ಸಿನ ಪ್ರಶ್ನೆ, ದಕ್ಷತೆಯದಲ್ಲ. ಎರಡೂ ಎದುರುಬದುರು ನಿಂತಿವೆ. ವೋಲ್ಟೇಜ್ 5 ಶೇಕಡಾ ಇಳಿಸಿದರೆ ಆಯುಸ್ಸು ಸುಮಾರು ಇಮ್ಮಡಿಯಾಗುತ್ತದೆ, ಕರೆಂಟಿನ ಖರ್ಚು 8 ಶೇಕಡಾ ಇಳಿಯುತ್ತದೆ, ಬೆಳಕು ಮಾತ್ರ 16 ಶೇಕಡಾ ಕುಸಿಯುತ್ತದೆ. ಬಾಳುವ ಬಲ್ಬು ಬೆಳಕಿಗೆ ದುಬಾರಿ.

ಈ ಲೆಕ್ಕವನ್ನು ನಿಮ್ಮ ಸಂಜೆಯ ಪ್ಯಾರಾಕ್ಕೇ ಹಾಕಿ. 230ರ ಬದಲು 190 ವೋಲ್ಟ್ ಬಂದರೆ 100 ವಾಟ್ ಬಲ್ಬು ಸುಮಾರು 74 ವಾಟ್ ಎಳೆಯುತ್ತದೆ, ಬೆಳಕು ಅರ್ಧಕ್ಕೆ ಬರುತ್ತದೆ. ಎಳೆ ತಣ್ಣಗಾಗಿ ವಿಕಿರಣ ಇನ್ನಷ್ಟು ಅವಕೆಂಪಿಗೆ ಸರಿದದ್ದೇ ನೀವು ಕಂಡ ಆ ಕೆಂಪು. ಕೋಳಿಮರಿಗಳ ಗೂಡಿಗೆ ಇದೇ ಬಲ್ಬು ಇಡುವವರಿಗೆ ಕಾಣದ ಆ ಪಾಲೇ ಬೇಕಾದದ್ದು, ಅದನ್ನೂ ಒಂದು ಸಾಲಿನಲ್ಲಿ ಸೇರಿಸಿ.

ಕಂಪನಿಗಳ ವಾಕ್ಯ ತೆಗೆದು, ಶೇಕಡಾಗಳನ್ನು ತಿದ್ದಿ ಮತ್ತೆ ಕಳಿಸಿ. ಸಂಜೆಯ ಚಿತ್ರಣದಲ್ಲಿ ಅಂಕಿಗಳನ್ನು ಸೇರಿಸುವುದು ಬಿಟ್ಟು ಬೇರೆ ಯಾವ ಶಬ್ದವನ್ನೂ ಬದಲಿಸಬೇಡಿ.